‘ಬೊಜ್ಜಿನ ಜೀನ್’ ಪರೀಕ್ಷೆ ಎಷ್ಟು ಹೇಳಬಲ್ಲದು?

ಮಾನ್ಯ ಸಂಪಾದಕರೇ,

ಜೊಲ್ಲಿನ ಮಾದರಿಯಿಂದ ‘ಬೊಜ್ಜಿನ ಜೀನ್’ ಪತ್ತೆಹಚ್ಚಿ ಅದಕ್ಕೆ ತಕ್ಕ ಆಹಾರಕ್ರಮ ಸೂಚಿಸುತ್ತೇವೆ ಎನ್ನುವ ಜಾಹೀರಾತುಗಳನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ‘ಬೊಜ್ಜಿನ ಜೀನ್’ ಎಂದೇ ಹೆಸರಾದ ಎಫ್‌ಟಿಒ ಜೀನ್‌ನ ರೂಪಾಂತರಕ್ಕೂ (ತುಸು ಬದಲಾದ ರೂಪಕ್ಕೂ) ಸ್ಥೂಲಕಾಯಕ್ಕೂ ಇರುವ ನಂಟು 2007ರಲ್ಲಿ ಖಚಿತಪಟ್ಟಾಗ, ತಂದೆತಾಯಿ ಇಬ್ಬರಿಂದಲೂ ಅದನ್ನು ಪಡೆದ ವಯಸ್ಕರ ತೂಕ ಯಾರಿಂದಲೂ ಅದನ್ನು ಪಡೆಯದವರಿಗಿಂತ ಸರಾಸರಿ ಸುಮಾರು 3 ಕಿಲೋ ಮಾತ್ರ ಹೆಚ್ಚಿತ್ತು.

ನಮಗೆ ಇನ್ನೂ ಹತ್ತಿರದ್ದು 2008ರ ಶೋಧ. ಹಸಿವಿನ ನಿಯಂತ್ರಣದಲ್ಲಿ ಪಾತ್ರವಿರುವ ಎಂಸಿ4ಆರ್ ಜೀನ್‌ನ ಸಮೀಪದ ರೂಪಾಂತರವೊಂದು ಸೊಂಟದ ಸುತ್ತಳತೆ ಮತ್ತು ಇನ್ಸುಲಿನ್ ಪ್ರತಿರೋಧ (ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದು) ಎರಡರೊಂದಿಗೂ ತಳಕು ಹಾಕಿಕೊಂಡಿರುವುದು, ಯುರೋಪಿಯನ್ನರಿಗಿಂತ ಭಾರತೀಯ ಮೂಲದವರಲ್ಲಿ ಅದು ಹೆಚ್ಚಾಗಿರುವುದು ಲಂಡನ್ನಿನ ಅಧ್ಯಯನದಲ್ಲಿ ಕಂಡುಬಂತು. ಅಲ್ಲಿಯೂ ಆ ರೂಪಾಂತರದ ಎರಡು ಪ್ರತಿ (ತಂದೆತಾಯಿಯಿಂದ ಒಂದೊಂದು) ಉಳ್ಳವರ ಸೊಂಟದ ವ್ಯತ್ಯಾಸ ಸುಮಾರು 2 ಸೆಂಟಿಮೀಟರ್, ದರ್ಜಿಯೂ ತಲೆಕೆಡಿಸಿಕೊಳ್ಳದಷ್ಟು!

ಇದೇ ಜೀನ್‌ನಲ್ಲಿ ಗಂಭೀರ ದೋಷವಿದ್ದು ಎಳವೆಯಲ್ಲೇ ತೀವ್ರ ಬೊಜ್ಜು ಬರುವ ವಿರಳ ಮಕ್ಕಳಿಗೆ ವೈದ್ಯರ ಸಲಹೆಯಂತೆ ಜೀನ್ ಪರೀಕ್ಷೆ ನಿಜಕ್ಕೂ ಅಗತ್ಯ. ಉಳಿದವರಿಗೆ ಸೊಂಟದ ಅಳತೆ, ಖಾಲಿಹೊಟ್ಟೆಯ ರಕ್ತಪರೀಕ್ಷೆಗಳೇ ಹೆಚ್ಚು ತಿಳಿಸುತ್ತವೆ. ಸುಮಾರು ಎರಡು ಲಕ್ಷ ವಯಸ್ಕರ ಮಾಹಿತಿಯನ್ನು ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯಂತೂ, ದೈಹಿಕವಾಗಿ ಚಟುವಟಿಕೆಯಿಂದಿರುವವರಲ್ಲಿ ಎಫ್‌ಟಿಒ ಪ್ರಭಾವ ಕಾಲುಭಾಗಕ್ಕೂ ತುಸು ಹೆಚ್ಚೇ ತಗ್ಗಿರುವುದನ್ನು ತೋರಿಸಿದೆ. ಇಂಥ ಪರೀಕ್ಷೆಗಳ ಬಗ್ಗೆ ಲೇಖನ ಪ್ರಕಟಿಸುವಾಗ ಪರಿಣಾಮದ ಗಾತ್ರವನ್ನೂ ಅಂಕಿಗಳಲ್ಲಿ ನೀಡಬೇಕೆಂದು ಕೋರುತ್ತೇನೆ.

— ಓದುಗ, ಮೈಸೂರು