ಬರೀ ಗ್ಯಾಸ್ ಮಾತ್ರೆ ನುಂಗಿದ್ರೆ ಟೆನ್ಷನ್ ಹೋಗುತ್ತಾ?

ಮಾನ್ಯ ಸಂಪಾದಕರೇ,

ದಾವಣಗೆರೇಲಿ ಮೆಡಿಕಲ್ ಶಾಪ್ ಇಟ್ಕೊಂಡೋನು ನಾನು. ಮೆಕ್ಕೆಜೋಳದ ರೇಟು ಬಿದ್ದಾಗ, ಇಲ್ಲಾ ಭದ್ರಾ ನಾಲೆ ನೀರು ಕೊನೆ ಭಾಗಕ್ಕೆ ಮುಟ್ಲಿಲ್ಲ ಅಂದಾಗ ನಮ್ಮಲ್ಲಿ ಗ್ಯಾಸ್ ಮಾತ್ರೆ, ತಲೆನೋವಿನ ಮಾತ್ರೆ ಜಾಸ್ತಿ ಹೋಗ್ತವೆ, ತಮಾಷೆಗೆ ಹೇಳ್ತಿಲ್ಲ. "ಗ್ಯಾಸ್ಟ್ರಿಕ್‌ದು ಒಂದು ಶೀಟ್ ಕೊಡಣ್ಣ" ಅಂತಾರೆ, ನಿದ್ದೆ ಹೆಂಗೈತೆ ಅಂತ ಕೇಳಿದ್ರೆ "ಎಲ್ಲಿ ನಿದ್ದೆ, ಮೂರು ಗಂಟೆಗೆ ಎಚ್ಚರ ಆಗುತ್ತೆ, ಆಮೇಲೆ ಬರೀ ಸೊಸೈಟಿ ಸಾಲದ್ದೇ ಲೆಕ್ಕ" ಅಂತಾರೆ.

ಟೆನ್ಷನ್, ಗಾಬರಿ ಆದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಹಾರ್ಮೋನುಗಳು ಏರ್ತವೆ, ಎದೆ ಜೋರಾಗಿ ಬಡ್ಕೊಳ್ಳುತ್ತೆ, ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತೆ. ನಾಯಿ ಅಟ್ಟಿಸ್ಕೊಂಡ್ ಬಂದ್ರೆ ಇದು ಬೇಕು, ಸ್ವಲ್ಪ ಹೊತ್ತಿಗೆ ಇಳಿದೂ ಹೋಗುತ್ತೆ. ಆದ್ರೆ ಸಾಲ ಅಷ್ಟು ಬೇಗ ಹೋಗಲ್ವಲ್ಲ, ತಿಂಗಳುಗಟ್ಲೆ ಹಂಗೇ ಇದ್ರೆ ನಿದ್ದೆ ಕೆಡುತ್ತೆ, ಕುತ್ತಿಗೆ ಬಿಗಿಯುತ್ತೆ, ಬಿಪಿ ಏರುತ್ತೆ, ಶುಗರ್ ಇರೋರಿಗಂತೂ ಮಾತ್ರೆ ತಗೊಂಡ್ರೂ ಹಿಡಿತಕ್ಕೆ ಬರೋದು ಕಷ್ಟ. ಅದ್ರ ಮೇಲೆ ಚಹಾ, ಬೀಡಿ, ರಾತ್ರಿ ಒಂದು ಕ್ವಾರ್ಟರ್. ಕುಡಿದ್ರೆ ನಿದ್ದೆ ಬರುತ್ತೆ ಅಂತಾರೆ, ಬರುತ್ತೆ ನಿಜ, ನಡುರಾತ್ರಿ ಮತ್ತೆ ಕಣ್ ಬಿಡ್ತಾರೆ.

ಹಂಗಂತ ಎದೆ ನೋವು ಬಂದ್ರೆ ಟೆನ್ಷನ್ನೋ ಗ್ಯಾಸೋ ಇರಬೇಕು ಅಂತ ಮನೇಲಿ ಕೂರಬೇಡಿ, ಮೊದ್ಲು ಇಸಿಜಿ ಮಾಡಿಸಿ. ಚೀಟಿ ಇಲ್ದೆ ನಿದ್ದೆ ಮಾತ್ರೆ ಕೇಳ್ಬೇಡಿ, ನಾನಂತೂ ಕೊಡಲ್ಲ, ಬೈದ್ರೂ ಸರಿ.

ಬೆಳಿಗ್ಗೆ ಕುಂದವಾಡ ಕೆರೆ ಸುತ್ತ ಅರ್ಧ ಗಂಟೆ ನಡೀರಿ, ದಿನಾ ಒಂದೇ ಟೈಮಿಗೆ ಮಲಗಿ, ಎದೆ ಡವಡವ ಅಂದಾಗ ಉಸಿರು ನಿಧಾನಕ್ಕೆ, ಎಳ್ಕೊಂಡಿದ್ದಕ್ಕಿಂತ ಉದ್ದ ಬಿಡಿ. ಇದ್ರಿಂದ ಸಾಲ ತೀರಲ್ಲ, ಗೊತ್ತು, ಮೈ ಅಷ್ಟೊಂದು ಸವೆಯಲ್ಲ ಅಷ್ಟೇ. ಮನೆಯವ್ರಿಗೆ ಲೆಕ್ಕ ಬಿಚ್ಚಿ ಹೇಳೋದಂತೂ ನಮ್ ಗಂಡಸರಿಗೆ ಬರೋದೇ ಇಲ್ಲ.

ಮನಸ್ಸಿನ ಕಷ್ಟ ಹೇಳ್ಕೊಳ್ಳೋಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಐತೆ, ನಂಬರ್ 14416, ದುಡ್ಡು ಕೊಡೋ ಹಂಗಿಲ್ಲ, ರಾತ್ರಿ ಮಾಡಿದ್ರೂ ಎತ್ತುತಾರೆ, ಕನ್ನಡದಲ್ಲೇ ಮಾತಾಡ್ಬಹುದು. 2022ರಿಂದ ಇದ್ರೂ ನಮ್ ಅಂಗಡಿಗೆ ಬರೋ ಬಹಳ ಜನಕ್ಕೆ ಗೊತ್ತೇ ಇಲ್ಲ. ಎಪಿಎಂಸಿ ಗೇಟು, ಸೊಸೈಟಿ, ಬಸ್ ಸ್ಟ್ಯಾಂಡಲ್ಲಿ ದೊಡ್ಡದಾಗಿ ಬರೆಸ್ಲಿ, ಬಿಪಿ ಚೆಕ್ ಮಾಡೋ ಕ್ಯಾಂಪಲ್ಲಿ ನಿದ್ದೆ ಹೆಂಗೈತೆ ಅಂತಾನೂ ಕೇಳ್ಲಿ ಅಂತ ಆರೋಗ್ಯ ಇಲಾಖೆಯವ್ರಿಗೆ ನನ್ ಮನವಿ.

— ಒಬ್ಬ ಮೆಡಿಕಲ್ ಶಾಪ್‌ನವ, ದಾವಣಗೆರೆ