ಮರೆಯಾಗುತ್ತಿರುವ ಬಿಡಿಭಾಗಗಳ ಅಂಗಡಿಗಳು

ಮಾನ್ಯ ಸಂಪಾದಕರೇ,

ಹವ್ಯಾಸಕ್ಕಾಗಿ ಎಲೆಕ್ಟ್ರಾನಿಕ್ಸ್ ಕಲಿಯುವವರಿಗೆ ರೆಸಿಸ್ಟರ್, ಕೆಪಾಸಿಟರ್‌ಗಳನ್ನು ಬಿಡಿಯಾಗಿ ಎಣಿಸಿ ಕೊಡುತ್ತಿದ್ದ ಅಂಗಡಿಗಳು ಬಾಗಿಲು ಹಾಕುತ್ತಿರುವುದು ಕಳವಳದ ಸಂಗತಿ. ಇಂಥ ಮಳಿಗೆಗಳ ಸರಣಿಯಾದ ಅಮೆರಿಕದ ರೇಡಿಯೋಶಾಕ್ 2015ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಬ್ರಿಟನ್ನಿನ ಮ್ಯಾಪ್ಲಿನ್ ಮಳಿಗೆಗಳು 2018ರಲ್ಲಿ ಮುಚ್ಚಿದವು. ಆನ್‌ಲೈನ್ ಮಾರಾಟವೊಂದೇ ಇದಕ್ಕೆ ಕಾರಣವೆನ್ನುವುದು ಅರ್ಧಸತ್ಯ. ಉದ್ದ ಕಾಲುಗಳ ಬಿಡಿಭಾಗಗಳ ಜಾಗಕ್ಕೆ ಸರ್ಕ್ಯೂಟ್ ಬೋರ್ಡಿನ ಮೇಲ್ಮೈಗೇ ಬೆಸೆಯುವ, ಒಂದೇ ಮಿಲಿಮೀಟರ್ ಉದ್ದದ ಭಾಗಗಳು ಬಂದ ಮೇಲೆ ರಿಪೇರಿಯೆಂದರೆ ಇಡೀ ಬೋರ್ಡನ್ನೇ ಬದಲಿಸುವುದಾಯಿತು. ಅಂಗಡಿಗೆ ನಿತ್ಯದ ವ್ಯಾಪಾರ ಕೊಡುತ್ತಿದ್ದ ರೇಡಿಯೋ, ಟಿ.ವಿ. ಮೆಕ್ಯಾನಿಕ್‌ಗಳು ಕಡಿಮೆಯಾದರು, ಹವ್ಯಾಸಿಗಳ ಖರೀದಿಯಿಂದಷ್ಟೇ ಬಾಡಿಗೆ ಹುಟ್ಟಲಿಲ್ಲ.

ಆನ್‌ಲೈನ್‌ನಲ್ಲಿ ಆಯ್ಕೆ ಹೆಚ್ಚು, ನಿಜ. ಆದರೆ 555 ಟೈಮರ್ ಎಂಬ ಚಿಪ್ ಕೇಳಿದ ವಿದ್ಯಾರ್ಥಿಗೆ ಐದನೇ ಪಿನ್ನಿಗೊಂದು ಪುಟ್ಟ ಕೆಪಾಸಿಟರ್ ಹಾಕುವಂತೆ ನೆನಪಿಸುವ, ಸಿಗದ ಟ್ರಾನ್ಸಿಸ್ಟರಿಗೆ ಬದಲಿ ಸೂಚಿಸಿ, ಅದರ ಕಾಲುಗಳ ಕ್ರಮ ಬೇರೆಯೆಂದು ಎಚ್ಚರಿಸುವ ಅನುಭವಿಗಳು ಕೌಂಟರಿನ ಆಚೆ ಇರುತ್ತಿದ್ದರು. ನನ್ನ ಮಟ್ಟಿಗೆ ದೊಡ್ಡ ನಷ್ಟ ಅದೇ. ಒಂದು ರೆಸಿಸ್ಟರಿಗಾಗಿ ಅದರ ಬೆಲೆಯ ಹಲವು ಪಟ್ಟು ಸಾಗಣೆ ವೆಚ್ಚ ತೆತ್ತು, ದಿನಗಟ್ಟಲೆ ಕಾಯುವ ಮಗುವಿನ ಉತ್ಸಾಹ ಅಷ್ಟರಲ್ಲಿ ಆರಿರುತ್ತದೆ. ಇಂಜಿನಿಯರಿಂಗ್ ಕಾಲೇಜುಗಳು ಹಾಗೂ ಸಾರ್ವಜನಿಕ ಗ್ರಂಥಾಲಯಗಳು ಸಾಮಾನ್ಯ ಬಿಡಿಭಾಗಗಳ ಸಣ್ಣ ದಾಸ್ತಾನನ್ನಾದರೂ ಇಟ್ಟು, ಆಸಕ್ತರಿಗೆ ಬಿಡಿಯಾಗಿ ಒದಗಿಸಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಎಲೆಕ್ಟ್ರಾನಿಕ್ಸ್ ಹವ್ಯಾಸಿ