ಕೃಷಿ ತರಬೇತಿ ಹೊಲದಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ನಾನು ಬೇಸಾಯಗಾರ. ಮಗಳು ಕೃಷಿ ಪದವಿ ಓದುತ್ತಿದ್ದಾಳೆ. ಕಳೆದ ರಜೆಯಲ್ಲಿ ಇಬ್ಬರೂ ಸೇರಿ ಮಣ್ಣು ಪರೀಕ್ಷೆಗೆ ಮಾದರಿ ತೆಗೆದೆವು. ಮೊದಲೆಲ್ಲ ನಾನು ಬದುವಿನ ಪಕ್ಕ ಕೈಗೆ ಸಿಕ್ಕ ಮೇಲ್ಮಣ್ಣು ಬಾಚಿ ಕೊಟ್ಟುಬಿಡುತ್ತಿದ್ದೆ. ಅವಳು ಬಿಡಲಿಲ್ಲ. ಬದು, ಮರದ ನೆರಳು, ಗೊಬ್ಬರ ರಾಶಿ ಹಾಕಿದ್ದ ಜಾಗ ಬಿಟ್ಟು, ಹೊಲದ ತುಂಬ ಅಂಕುಡೊಂಕಾಗಿ ನಡೆದು, 10-15 ಕಡೆ 'ವಿ' ಆಕಾರದ ಗುಂಡಿ ತೋಡಿಸಿದಳು. 15 ಸೆಂಟಿಮೀಟರ್ ಆಳ. ಗುಂಡಿಯ ಬದಿಯ ಮಣ್ಣನ್ನು ಮೇಲಿಂದ ಕೆಳಗಿನವರೆಗೂ ಒಂದೇ ಸಮ ಕೆರೆದು ತೆಗೆಯಬೇಕಂತೆ.

ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿಯಲು ಹೋದಾಗ ನಾನು ತಡೆದೆ. ಕೆಳಗಿನ ಮೂಲೆಯಲ್ಲಿ ಮಳೆ ನೀರು ನಿಲ್ಲುತ್ತದೆ, ಅಲ್ಲಿ ಬೆಳೆ ಪ್ರತಿ ಸಲ ಹಳದಿ ತಿರುಗುತ್ತದೆ, ಅದಕ್ಕೆ ಬೇರೆ ಚೀಲ ಬೇಕು ಎಂದೆ. "ಹೌದಪ್ಪ, ಬೇರೆ ಥರದ ಮಣ್ಣಿಗೆ ಬೇರೆ ಮಾದರಿ ಅಂತ ಪುಸ್ತಕದಲ್ಲೂ ಇದೆ. ಆದರೆ ಒಣಗಿರುವಾಗ ನೋಡಿದರೆ ಈ ಮೂಲೆ ಬೇರೆ ಅಂತ ಹೇಗೆ ಗೊತ್ತಾಗುತ್ತೆ?" ಎಂದಳು. ನ್ಯಾಯವಾದ ಪ್ರಶ್ನೆ, ಅಲ್ವಾ?

ನಾನು ಹೋದ ತರಬೇತಿಗಳಲ್ಲಿ ಜಾಸ್ತಿ ಒಂದೇ ದಿನದವು. ಸಭಾಂಗಣ, ಪರದೆ ಮೇಲೆ ಚಿತ್ರ, ಹಾಜರಿ ಸಹಿ, ಊಟ, ಪ್ರಮಾಣಪತ್ರ. ಅಂಥದ್ದೊಂದು ಮುಗಿಸಿ ಬಂದ ವಾರವೇ ಎಲೆ ಮೇಲೆ ಕಪ್ಪು ಮುಳ್ಳುಮುಳ್ಳಿನ ಹುಳು ಕಂಡು ಔಷಧಿ ಹೊಡೆದೆ. ಅದು ಗಿಡಹೇನು ತಿನ್ನುವ ಗುಲಗಂಜಿ ಹುಳುವಿನ ಮರಿ ಎಂದು ಆಮೇಲೆ ತಿಳಿಯಿತು. ಪರದೆಯಲ್ಲಿ ತೋರಿಸಿದ್ದು ಬೆಳೆದ ಕೆಂಪು ಹುಳುವನ್ನು ಮಾತ್ರ. ಆ ತಪ್ಪು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಇದಕ್ಕೆ ದಾರಿ ಇಲ್ಲ ಅಂತಲ್ಲ. 1989ರಲ್ಲಿ ಇಂಡೊನೇಷ್ಯಾದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಭತ್ತದ ರೈತರಿಗೆ ಕ್ಷೇತ್ರ ಪಾಠಶಾಲೆ ಶುರುವಾಯಿತು. ಆಮೇಲೆ ಎಷ್ಟೋ ದೇಶಗಳಿಗೆ ಹಬ್ಬಿತು. ಸುಮಾರು 25 ಜನರ ಗುಂಪು ಬೆಳೆ ಮುಗಿಯುವವರೆಗೆ ವಾರಕ್ಕೊಮ್ಮೆ ಗದ್ದೆಗೆ ಇಳಿಯುತ್ತದೆ. ಹುಳು ಎಣಿಸಿ, ಕಂಡದ್ದನ್ನು ದೊಡ್ಡ ಹಾಳೆ ಮೇಲೆ ಬರೆದು ಚರ್ಚೆ ಮಾಡುತ್ತಾರೆ. ಎಳೆ ಪೈರಿನ ಎಲೆಗಳನ್ನು ತಾವೇ ಕತ್ತರಿಸಿ, ಇಳುವರಿ ನಿಜಕ್ಕೂ ಕಡಿಮೆ ಆಗುತ್ತದಾ ಎಂದು ಕೊಯ್ಲಿನವರೆಗೆ ಕಾದು ನೋಡುತ್ತಾರೆ. ಎಳೆಯದರಲ್ಲಿ ಸ್ವಲ್ಪ ಎಲೆ ಹೋದರೂ ಪೈರು ಚೇತರಿಸಿಕೊಳ್ಳುತ್ತದೆ. ಅದನ್ನು ಕಣ್ಣಾರೆ ಕಂಡವರು ಎಲೆಯಲ್ಲೊಂದು ತೂತು ಕಂಡ ಕೂಡಲೇ ಸ್ಪ್ರೇಯರ್ ಹೆಗಲಿಗೇರಿಸುವುದಿಲ್ಲ.

ಕೃಷಿ ವಿದ್ಯಾರ್ಥಿಗಳನ್ನೂ ಇಂಥ ಗುಂಪಿನಲ್ಲಿ ರೈತರ ಜೊತೆ ಕೂರಿಸಬೇಕು. ಸುಮ್ನೆ ಒಂದು ದಿನದ ಭೇಟಿ ಬೇಡ. ಒಂದೇ ಹೊಲ, ಬಿತ್ತನೆಯಿಂದ ಕೊಯ್ಲಿನವರೆಗೆ, ಅದಕ್ಕೆ ಪರೀಕ್ಷೆಯಷ್ಟೇ ಅಂಕ.

ಇನ್ನೊಂದು ಮಾತು. ಜಮೀನು ಯಾರ ಹೆಸರಲ್ಲಿದೆ ಎಂದು ನೋಡಿ ತರಬೇತಿಗೆ ಕರೆಯಬೇಡಿ. ದಿನವಿಡೀ ಬಗ್ಗಿ ಕಳೆ ಕೀಳುವ ಹೆಂಗಸರಿಗೇ ಎಷ್ಟೋ ಸಲ ರೋಗ ಮೊದಲು ಕಾಣುವುದು. ಬಿತ್ತನೆ ಸಮಯದಲ್ಲಿ ದೂರದ ಸಭಾಂಗಣಕ್ಕೆ ಬನ್ನಿ ಎಂದರೆ ಅವರು ಹೇಗೆ ಬಂದಾರು? ವಾರಕ್ಕೊಂದು ಬೆಳಿಗ್ಗೆ, ಎರಡು ಗಂಟೆ, ಹತ್ತಿರದ ಹೊಲದಲ್ಲೇ ಇಡಿ. ಅವರೂ ಬರುತ್ತಾರೆ.

– ಒಬ್ಬ ರೈತ